ಅಂತರಜಾಲದ ವಿಶ್ವಕೋಶಗಳೂ ಇತಿಹಾಸದ ಆಧಾರವಿಚಾರವೂ

ಇತಿಹಾಸದ ವಿದ್ಯಾರ್ಥಿಯು ಇಂದು ಒಂದು ವಿಷಯವನ್ನು ಕೈಗೆತ್ತಿಕೊಂಡೊಡನೆ ಮೊದಲು ನೋಡುವುದು ಬಹುಮಟ್ಟಿಗೆ ಅಂತರಜಾಲದ ವಿಶ್ವಕೋಶವನ್ನು. 2001ರಲ್ಲಿ ಆರಂಭವಾದ ವಿಕಿಪೀಡಿಯಕ್ಕೆ 2003ರಿಂದ ಕನ್ನಡ ಆವೃತ್ತಿಯೂ ಉಂಟು. ಇದನ್ನು ನೋಡಲೇಬಾರದೆನ್ನುವ ಅಧ್ಯಾಪಕರಿದ್ದಾರೆ. ಅದರಲ್ಲಿರುವುದನ್ನೆಲ್ಲ ಪ್ರಮಾಣವೆಂದು ಪ್ರಬಂಧಕ್ಕಿಳಿಸುವ ವಿದ್ಯಾರ್ಥಿಗಳೂ ಇದ್ದಾರೆ. ಈ ಎರಡೂ ಮಾರ್ಗಗಳು ಯುಕ್ತವಲ್ಲ. ವಿಶ್ವಕೋಶವನ್ನು ನಂಬಬಹುದೇ ಎಂದು ಒಟ್ಟಾಗಿ ಕೇಳುವುದಕ್ಕಿಂತ, ಅದರ ಒಂದೊಂದು ಹೇಳಿಕೆಯೂ ಯಾವ ಆಧಾರದ ಮೇಲೆ ನಿಂತಿದೆಯೆಂದು ವಿಚಾರಿಸುವುದೇ ಇತಿಹಾಸದ ಪದ್ಧತಿ.

ಎರಡು ನಿದರ್ಶನಗಳನ್ನು ನೋಡೋಣ. ಐಹೊಳೆಯ ಮೇಗುತಿ ದೇವಾಲಯದಲ್ಲಿರುವ ರವಿಕೀರ್ತಿಯ ಶಾಸನಕ್ಕೆ ಕ್ರಿ.ಶ. 634-35 ಎಂದು ಕಾಲವನ್ನು ಹೇಳಲಾಗುತ್ತದೆ. ಹಲ್ಮಿಡಿ ಶಾಸನಕ್ಕೆ ಕ್ರಿ.ಶ. 450 ಎಂದು ಹೇಳುವುದು ರೂಢಿ. ಓದುಗನ ಕಣ್ಣಿಗೆ ಎರಡು ಸಂಖ್ಯೆಗಳೂ ಒಂದೇ ತೂಕದವು. ಆದರೆ ಐಹೊಳೆಯ ಶಾಸನದಲ್ಲಿ ಶಕವರ್ಷ 556 ಎಂಬುದು ಸ್ಪಷ್ಟವಾಗಿ ಉಕ್ತವಾಗಿದೆ. ಹಲ್ಮಿಡಿ ಶಾಸನದಲ್ಲಿ ಕಾಲೋಲ್ಲೇಖವೇ ಇಲ್ಲ. ಲಿಪಿಯ ಸ್ವರೂಪ, ಅದರಲ್ಲಿ ಬರುವ ಅರಸನ ಹೆಸರು ಇವುಗಳಿಂದ ವಿದ್ವಾಂಸರು ಮಾಡಿದ ಊಹೆಯದು, ಮತ್ತು ಆ ವಿಷಯದಲ್ಲಿ ಮತಭೇದವೂ ಉಂಟು. 'ಸುಮಾರು' ಎಂಬ ಒಂದು ಪದ ಜಾರಿಹೋದರೆ ಊಹೆಯು ಸಿದ್ಧಾಂತವಾಗಿಬಿಡುತ್ತದೆ.

ಎರಡನೆಯದು ಬರಹದ ವಯಸ್ಸು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದುದು 1969ರಲ್ಲಿ. ಅದರ ಅನೇಕ ಲೇಖನಗಳು ಈಗ ಕನ್ನಡ ವಿಕಿಪೀಡಿಯದಲ್ಲಿ ಸೇರಿವೆ. ತಜ್ಞರಿಂದ ಬರೆಯಿಸಿದ ಬರಹಗಳಾದುದರಿಂದ ಅವುಗಳ ಬೆಲೆ ದೊಡ್ಡದು. ಆದರೂ ಇಂದಿನ ಪುಟದಲ್ಲಿ ಕಾಣುವ ಮಾತು ಹಲವು ದಶಕಗಳ ಹಿಂದಿನದಾಗಿರಬಹುದು. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಪ್ರತ್ಯೇಕವಾಗುವ ಮೊದಲು ಬರೆದ ಲೇಖನದಲ್ಲಿ ಲಕ್ಕುಂಡಿಯು ಧಾರವಾಡ ಜಿಲ್ಲೆಯಲ್ಲಿರುವುದು ತಪ್ಪಲ್ಲ. ಅದನ್ನು ಇಂದಿನ ಸ್ಥಿತಿಯೆಂದು ನಕಲು ಮಾಡುವುದು ತಪ್ಪು.

ಮೂರನೆಯದು ಆಧಾರಗಳ ಚಕ್ರ. ವಿಶ್ವಕೋಶದ ಮಾತನ್ನು ಒಬ್ಬ ಗ್ರಂಥಕರ್ತನು ಆಧಾರ ಹೇಳದೆ ಎತ್ತಿಕೊಳ್ಳುತ್ತಾನೆ. ಮುಂದೆ ಅದೇ ಗ್ರಂಥವು ವಿಶ್ವಕೋಶದ ಅಡಿಟಿಪ್ಪಣಿಗೆ ಬರುತ್ತದೆ. ಸಾಕ್ಷಿಗಳು ಎರಡೆಂದು ತೋರಿದರೂ ಇರುವುದು ಒಂದೇ. ಇದನ್ನು ಕಂಡುಹಿಡಿಯಲು ಅಲ್ಲಿಯೇ ಉಪಾಯವುಂಟು. ಪ್ರತಿ ಪುಟದ 'ಇತಿಹಾಸ'ದಲ್ಲಿ ಯಾವ ವಾಕ್ಯ ಯಾವ ದಿನ ಸೇರಿತೆಂಬುದು ದಾಖಲಾಗಿರುತ್ತದೆ. ಗ್ರಂಥದ ಪ್ರಕಟಣೆಗಿಂತ ಅದು ಹಿಂದಿನದಾಗಿದ್ದರೆ ಸಂಶಯಪಡಬೇಕು. 'ಚರ್ಚೆ'ಯ ಪುಟದಲ್ಲಿ ಭಿನ್ನಾಭಿಪ್ರಾಯಗಳೇನಾದರೂ ಇದ್ದರೆ ಕಾಣಸಿಗುತ್ತವೆ. ತಾಮ್ರಪಟಗಳ ಲಿಪಿಯನ್ನು ಅವು ಹೇಳಿಕೊಳ್ಳುವ ಕಾಲದೊಡನೆ ಹೋಲಿಸಿ ಕೂಟಶಾಸನಗಳನ್ನು ಬೇರ್ಪಡಿಸಿದ ಜೆ. ಎಫ್. ಫ್ಲೀಟರ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

2005ರಲ್ಲಿ 'ನೇಚರ್' ಪತ್ರಿಕೆಯು 42 ವಿಜ್ಞಾನವಿಷಯಗಳ ಲೇಖನಗಳನ್ನು ತಜ್ಞರಿಂದ ಪರೀಕ್ಷಿಸಿದಾಗ, ಲೇಖನವೊಂದಕ್ಕೆ ವಿಕಿಪೀಡಿಯದಲ್ಲಿ ಸುಮಾರು ನಾಲ್ಕು, ಬ್ರಿಟಾನಿಕದಲ್ಲಿ ಸುಮಾರು ಮೂರು ದೋಷಗಳು ಕಂಡುಬಂದವು. ಬ್ರಿಟಾನಿಕದವರು ಈ ಫಲಿತಾಂಶವನ್ನು ಒಪ್ಪಲಿಲ್ಲ. ಅದೇನಿದ್ದರೂ, ಬಹುಜನರು ತಿದ್ದುವ ಇಂಗ್ಲಿಷ್ ವಿಜ್ಞಾನಲೇಖನಗಳಿಗೆ ಸಂದ ಈ ಮಾತನ್ನು, ಕೆಲವೇ ಜನರು ನೋಡುವ ಕನ್ನಡದ ಸ್ಥಳೀಯ ಚರಿತ್ರೆಯ ಪುಟಕ್ಕೆ ಅನ್ವಯಿಸಲಾಗದು.

ಆದುದರಿಂದ ವಿದ್ಯಾರ್ಥಿಯು ವಿಶ್ವಕೋಶದಿಂದ ವಿಷಯದ ಸ್ಥೂಲರೂಪವನ್ನೂ ಆಕರಗಳ ಹೆಸರುಗಳನ್ನೂ ಪಡೆದು, ಅನಂತರ ಮೂಲಕ್ಕೆ ಹೋಗಬೇಕು. ಧಾರವಾಡದವರಿಗೆ ಇದು ದೂರದ ದಾರಿಯಲ್ಲ. 1939ರಲ್ಲಿ ಇಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯು ಪ್ರಕಟಿಸಿದ ಶಾಸನಸಂಪುಟಗಳು ನಮ್ಮ ಊರಿನವೇ. ಅಧ್ಯಾಪಕರು ಪ್ರತಿ ಪ್ರಬಂಧದಲ್ಲಿ ಒಂದು ಸಂಗತಿಯನ್ನಾದರೂ ಮೂಲಶಾಸನದವರೆಗೆ ಹಿಂಬಾಲಿಸುವಂತೆ ವಿಧಿಸಿದರೆ, ಇಂದಿನ ಪ್ರಬಂಧದ ಪ್ರಮಾದವು ನಾಳೆಯ ಪಠ್ಯಪುಸ್ತಕಕ್ಕೆ ಇಳಿಯುವುದು ಅಷ್ಟರಮಟ್ಟಿಗೆ ತಪ್ಪೀತು.