ಹರಟೆಯ ಮರೆಯಲ್ಲಿದ್ದ ಸಣ್ಣಕತೆ

ಬೆನಗಲ್ ರಾಮರಾಯರು ಬಿಟ್ಟ ಕೆಲಸಕ್ಕೆ ಪೈಪೋಟಿ ಜೋರಾಗಿತ್ತು. ಮಂಗಳೂರು ಸರ್ಕಾರಿ ಕಾಲೇಜಿನ ಕನ್ನಡ ಪಂಡಿತರ ಹುದ್ದೆ ಅದು. ಅರ್ಜಿ ಹಾಕಿದವರಲ್ಲಿ ಒಬ್ಬರು ಬಂಟ್ವಾಳದ ಪಂಜೆ ಮಂಗೇಶರಾಯರು. ಕಲ್ಲಡ್ಕದಿಂದ ಪಾಣೆಮಂಗಳೂರಿಗೆ ಬಂದು ನೇತ್ರಾವತಿ ದಾಟಿದರೆ ಸಿಗುವ ಪೇಟೆಯಲ್ಲಿ 1874ರಲ್ಲಿ ಹುಟ್ಟಿದವರು. ಬಡತನದ ನಡುವೆಯೇ ಓದಿದವರು. ಇನ್ನೊಬ್ಬರು ಉಡುಪಿಯ ಡ್ರಿಲ್ ಮಾಸ್ತರರು, ಹಳಗನ್ನಡದಲ್ಲಿ ಪಳಗಿದ ಕೈ. ಇಂಗ್ಲಿಷ್ ಬಲ್ಲರೆಂಬ ಕಾರಣಕ್ಕೆ ಕೆಲಸ ಪಂಜೆಯವರಿಗೆ ಒಲಿಯಿತು ಎನ್ನುತ್ತಾರೆ. ಸೋತು ಮರಳಿದ ಡ್ರಿಲ್ ಮಾಸ್ತರರು ನಂದಳಿಕೆ ಲಕ್ಷ್ಮೀನಾರಣಪ್ಪ. ತಾವೇ ಬರೆದ ಕಾವ್ಯವನ್ನು ಹಳೆಯ ಕವಿಯದೆಂದು ಮೈಸೂರಿಗೆ ಕಳಿಸಿ, ಗುಟ್ಟು ಬಿಡದೆ 1901ರಲ್ಲಿ ತೀರಿಕೊಂಡ ಮುದ್ದಣ!

ಹೆಸರು ಮರೆಸುವ ಚಾಳಿ ಗೆದ್ದವರಿಗೂ ಇತ್ತು. 1900ರಲ್ಲಿ ಮಂಗಳೂರಿನಲ್ಲಿ ರಾಮರಾಯರ ‘ಸುವಾಸಿನಿ’ ಪತ್ರಿಕೆ ಹೊರಟಿತು. ರಾಮರಾಯರ ತಂಗಿ ಭವಾನಿಬಾಯಿ ಪಂಜೆಯವರ ಮಡದಿ. ಭಾವನ ಪತ್ರಿಕೆಗೆ ಬರೆಯದೆ ಇರುವುದುಂಟೆ? ಪದ್ಯಕ್ಕೆ ಕವಿಶಿಷ್ಯ, ಹರಟೆಗೆ ಹರಟೆಮಲ್ಲ, ಮತ್ತೆ ಕೆಲವೆಡೆ ರಾ.ಮ.ಪಂ. ಎಂದು ಅವರು ವೇಷ ಬದಲಿಸಿದರು. ಆ ಭರಾಟೆಯಲ್ಲೇ ಅವರ ‘ನನ್ನ ಚಿಕ್ಕತಾಯಿ’ ಎಂಬ ಬರಹ ಅಚ್ಚಾಯಿತು. ಕನ್ನಡದಲ್ಲಿ ಹೊಸದೇನೋ ಹುಟ್ಟಿತೆಂದು ಯಾರೂ ಡಂಗುರ ಸಾರಲಿಲ್ಲ.

ಆಮೇಲೆ ಪಂಜೆಯವರು ಶಾಲಾ ಇನ್ಸ್‌ಪೆಕ್ಟರಾದರು. ಹಳ್ಳಿಶಾಲೆಗಳ ಒಣ ಪಾಠಗಳು ಅವರನ್ನು ಕಾಡಿದವು. ಮಕ್ಕಳಿಗೆಂದು ಹಾಡು ಕಟ್ಟಿದರು, ಕತೆ ಹೇಳಿದರು, 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ನಾಗರಹಾವಿನ ಪದ್ಯ ಮನೆಮನೆ ಹೊಕ್ಕಿತು. ಆ ಕೀರ್ತಿಯೇ ಕತೆಗಾರನಿಗೆ ಮುಳುವಾಯಿತು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, 1937ರಲ್ಲಿ ಕಣ್ಣು ಮುಚ್ಚಿದಾಗಲೂ ಅವರು ಜನರ ಬಾಯಲ್ಲಿ ಮಕ್ಕಳ ಕವಿ. ಸಣ್ಣಕತೆಯ ಜನಕ ಯಾರೆಂದರೆ ಬರುತ್ತಿದ್ದ ಉತ್ತರ ಒಂದೇ: ಮಾಸ್ತಿ.

ಹಳೆಯ ಪತ್ರಿಕೆಗಳ ಧೂಳು ಕೊಡವಿದ ಸಾಹಿತ್ಯ ಚರಿತ್ರಕಾರರಿಗೆ ‘ಸುವಾಸಿನಿ’ಯ ಪುಟಗಳಲ್ಲಿ ‘ನನ್ನ ಚಿಕ್ಕತಂದೆ’, ‘ಕಮಲಪುರದ ಹೋಟ್ಲಿನಲ್ಲಿ’ ಮುಂತಾದವು ಎದುರಾದವು. ಮೇಲ್ನೋಟಕ್ಕೆ ಮನೆಮಂದಿಯ ವಿಚಾರದ ಲೋಕಾಭಿರಾಮ. ‘ನಾನು’ ಎಂದು ಮಾತಾಡುವವನನ್ನು ಪಂಜೆಯವರೇ ಎಂದುಕೊಂಡರೆ ಅದು ಬರೀ ಹರಟೆ. ಆ ‘ನಾನು’ ಕಟ್ಟಿಕೊಂಡ ಪಾತ್ರವೆಂದು ಹೊಳೆದರೆ ಅಲ್ಲೇ ಸಣ್ಣಕತೆ. ತಾರೀಕಿನ ಲೆಕ್ಕ ಉಳಿದದ್ದನ್ನು ಹೇಳಿತು: ಮಾಸ್ತಿಯವರ ‘ರಂಗನ ಮದುವೆ’ 1910ರದು, ‘ನನ್ನ ಚಿಕ್ಕತಾಯಿ’ಗಿಂತ 10 ವರ್ಷ ಕಿರಿಯದು. ಹಾಗೆಂದು ಮಾಸ್ತಿಯವರ ಪಟ್ಟವೇನೂ ಅಲುಗಲಿಲ್ಲ, ಅಲುಗಬೇಕಾಗಿಯೂ ಇರಲಿಲ್ಲ; ಆ ಪ್ರಕಾರವನ್ನು ಬಾಳಿಸಿ ಬೆಳೆಸಿದವರು ಅವರೇ.