ಹಾರ್ಡ್ ಡಿಸ್ಕಿನ ಆರೋಗ್ಯ ದಾಖಲೆ: ಸೊನ್ನೆ ಮಾಡಿದ ಅಂಕಿಗಳು ಮತ್ತು ವರ್ತಕರ ಎಚ್ಚರ

ಇಂದಿನ ವ್ಯಾಪಾರ ಸಂಸ್ಥೆಯ ಕಿರ್ದಿ, ಖಾತೆ, ದಾಸ್ತಾನು, ಬರಬೇಕಾದ ಬಾಕಿ, ಜಿಎಸ್‌ಟಿ ವಿವರಗಳೆಲ್ಲವೂ ಅಂಗೈಯಗಲದ ಲೋಹದ ಪೆಟ್ಟಿಗೆಯೊಂದರಲ್ಲಿ ಅಡಕವಾಗಿರುತ್ತವೆ. ಈ ಹಾರ್ಡ್ ಡಿಸ್ಕ್ ಮಾಲೀಕನ ಲೆಕ್ಕದ ಜೊತೆಗೆ ತನ್ನ ಸ್ವಂತ ಲೆಕ್ಕವನ್ನೂ ಸದ್ದಿಲ್ಲದೆ ಬರೆದಿಡುತ್ತದೆಂಬ ಸಂಗತಿ ಅನೇಕ ವರ್ತಕರಿಗೆ ತಿಳಿದಿಲ್ಲ. ತಾನು ಎಷ್ಟು ಗಂಟೆ ತಿರುಗಿದೆ, ಎಷ್ಟು ಬಾರಿ ಚಾಲೂ ಆಗಿದೆ, ತನ್ನ ಯಾವ ಭಾಗ ಕೆಟ್ಟಿದೆ ಎಂಬೆಲ್ಲ ವಿವರ ಅದರಲ್ಲಿರುತ್ತದೆ. ಈ ಸ್ವಂತ ಲೆಕ್ಕವನ್ನು ಅಳಿಸಿ ಸೊನ್ನೆಯಿಂದ ಆರಂಭಿಸಲು ಸಾಧ್ಯವಿದೆ. ಅದು ವರ್ತಕರಿಗೆ ಎದುರಾಗುವುದು ಎರಡು ಸಂದರ್ಭಗಳಲ್ಲಿ. ಹಳೆಯ ಡಿಸ್ಕನ್ನು ಹೊಸದೆಂದು ಮಾರುವವರು ಅದನ್ನು ಗುಟ್ಟಾಗಿ ಮಾಡಿರುತ್ತಾರೆ. ದುರಸ್ತಿಯವರು ಕೆಲವೊಮ್ಮೆ ಅದನ್ನೇ ಪರಿಹಾರವೆಂದು ಬಹಿರಂಗವಾಗಿ ಮುಂದಿಡುತ್ತಾರೆ.

ಡಿಸ್ಕು ಇಡುವ ಲೆಕ್ಕ

ಈ ವ್ಯವಸ್ಥೆಗೆ ‘ಸ್ಮಾರ್ಟ್’ ಎಂದು ಹೆಸರು. ‘ಸೆಲ್ಫ್ ಮಾನಿಟರಿಂಗ್, ಅನಾಲಿಸಿಸ್ ಅಂಡ್ ರಿಪೋರ್ಟಿಂಗ್ ಟೆಕ್ನಾಲಜಿ’ ಎಂಬುದರ ಸಂಕ್ಷೇಪವಿದು. 1992ರಲ್ಲಿ ಐಬಿಎಂ ಸಂಸ್ಥೆಯು ತನ್ನ ಎಎಸ್/400 ಗಣಕಗಳ ಡಿಸ್ಕುಗಳಲ್ಲಿ ವೈಫಲ್ಯದ ಮುನ್ಸೂಚನೆ ನೀಡುವ ಏರ್ಪಾಡನ್ನು ಅಳವಡಿಸಿತು. ಕೆಲವು ವರ್ಷಗಳ ನಂತರ ಕಾಂಪ್ಯಾಕ್ ಸಂಸ್ಥೆಯು ಡಿಸ್ಕ್ ತಯಾರಕರೊಡನೆ ಸೇರಿ ರೂಪಿಸಿದ ಇಂತಹುದೇ ಏರ್ಪಾಡು ಎಲ್ಲ ತಯಾರಕರೂ ಅನುಸರಿಸುವ ಮಾನದಂಡವಾಗಿ ಬೆಳೆಯಿತು. ವಿಂಡೋಸ್ ಗಣಕಗಳಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದ ಮೂಲಕ ಈ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು.

ಪಟ್ಟಿ ಉದ್ದವಾಗಿದ್ದರೂ ವರ್ತಕರು ನೋಡಬೇಕಾದ ಸಾಲುಗಳು ನಾಲ್ಕೈದು ಮಾತ್ರ. 09 ಎಂಬ ಸಾಲು ಡಿಸ್ಕು ವಿದ್ಯುತ್ ಪಡೆದು ನಡೆದ ಒಟ್ಟು ಗಂಟೆಗಳನ್ನು ತೋರಿಸುತ್ತದೆ. ವರ್ಷವೊಂದಕ್ಕೆ 8,760 ಗಂಟೆಗಳು. ದಿನಕ್ಕೆ 10 ಗಂಟೆಯಂತೆ 300 ದಿನ ನಡೆಯುವ ಕಚೇರಿಯ ಗಣಕದಲ್ಲಿ ವರ್ಷಕ್ಕೆ 3,000 ಗಂಟೆಯಾದರೆ, ಹಗಲಿರುಳು ಓಡುವ ಸಿಸಿಟಿವಿ ಯಂತ್ರದ ಡಿಸ್ಕು ಅಷ್ಟನ್ನು ನಾಲ್ಕು ತಿಂಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲೇ ದಾಟುತ್ತದೆ. 05 ಎಂಬ ಸಾಲು ಕೆಟ್ಟುಹೋದ ಕಾರಣ ಮೀಸಲು ಜಾಗಕ್ಕೆ ವರ್ಗಾಯಿಸಲಾದ ಸೆಕ್ಟರುಗಳ ಸಂಖ್ಯೆ. ಸಿ5 ಎಂಬುದು ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರುಗಳ ಲೆಕ್ಕ. ಅದನ್ನು ಅನುಮಾನಾಸ್ಪದ ಬಾಕಿಯೆಂದೂ, 05ನ್ನು ಬಾರದ ಸಾಲವೆಂದು ವಜಾ ಹಾಕಿದ ಮೊತ್ತವೆಂದೂ ತಿಳಿದರೆ ಲೆಕ್ಕ ಬಲ್ಲವರಿಗೆ ಅರ್ಥ ಸ್ಪಷ್ಟವಾಗುತ್ತದೆ. ಸಿ6 ಎಂಬುದು ಡಿಸ್ಕು ತಾನಾಗಿ ನಡೆಸಿಕೊಂಡ ತಪಾಸಣೆಯಲ್ಲಿ ಸರಿಪಡಿಸಲಾಗದೆ ಉಳಿದ ಸೆಕ್ಟರುಗಳನ್ನು ಹೇಳುತ್ತದೆ. ಸಿ7 ಎಂಬ ಸಾಲು ಡಿಸ್ಕಿಗೂ ಗಣಕಕ್ಕೂ ನಡುವಣ ಸಾಗಣೆಯ ದೋಷಗಳದು. ಇದಕ್ಕೆ ಹೆಚ್ಚಾಗಿ ಕೇಬಲ್ಲೇ ಕಾರಣ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸೀಗೇಟ್ ಡಿಸ್ಕುಗಳಲ್ಲಿ 01ನೆಯ ಸಾಲಿನ ಕಚ್ಚಾ ಅಂಕಿ ಕೋಟಿಗಟ್ಟಲೆ ಇರುವುದುಂಟು. ಅದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಓದಿದ ಒಟ್ಟು ಪ್ರಮಾಣವೂ ದೋಷದ ಸಂಖ್ಯೆಯೂ ಒಂದೇ ಅಂಕಿಯಲ್ಲಿ ಬೆಸೆದಿರುವುದರಿಂದ ಹಾಗೆ ಕಾಣುತ್ತದೆ.

ಸೊನ್ನೆ ಮಾಡುವುದೆಂದರೆ ಏನು?

ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಈ ದಾಖಲೆ ಅಳಿಯುವುದಿಲ್ಲ. ವಿಂಡೋಸನ್ನು ಹೊಸದಾಗಿ ಹಾಕಿದರೂ ಅಳಿಯದು. ಬಳಕೆದಾರರ ಕೈಗೆ ಸಿಗದ, ಡಿಸ್ಕಿನದೇ ಆದ ಗುಪ್ತ ಪ್ರದೇಶದಲ್ಲಿ ಅದರ ಫರ್ಮ್‌ವೇರ್ ಇದನ್ನು ಬರೆಯುತ್ತದೆ. ಅಂಕಿಗಳನ್ನು ಸೊನ್ನೆ ಮಾಡುವ ಆದೇಶ ಬಳಕೆದಾರರಿಗಾಗಿರುವ ಮಾನದಂಡದಲ್ಲಿ ಇಲ್ಲ. ಆದರೆ ಪ್ರತಿಯೊಬ್ಬ ತಯಾರಕರೂ ಕಾರ್ಖಾನೆಯ ಪರೀಕ್ಷೆಗಾಗಿ ತಮ್ಮದೇ ಆದೇಶಗಳನ್ನು ಇಟ್ಟುಕೊಂಡಿರುತ್ತಾರೆ. ಅವನ್ನು ಬಲ್ಲ ಉಪಕರಣಗಳು ಮಾಹಿತಿ ಮರುಪಡೆಯುವ ವೃತ್ತಿಯವರ ಬಳಿ ಇರುತ್ತವೆ. ಅದೇ ಜ್ಞಾನ ದುರುಪಯೋಗಿಗಳಿಗೂ ತಲುಪಿದೆ.

ತಯಾರಕರೇ ಹಿಂದಿರುಗಿ ಬಂದ ಡಿಸ್ಕುಗಳನ್ನು ಪರೀಕ್ಷಿಸಿ, ಲೆಕ್ಕವನ್ನು ಸೊನ್ನೆ ಮಾಡಿ, ‘ಪುನಃ ಪ್ರಮಾಣೀಕೃತ’ ಎಂದು ಲೇಬಲ್ ಹಚ್ಚಿ ಕಡಿಮೆ ಬೆಲೆಗೆ ಮಾರುವುದುಂಟು. ಅದರಲ್ಲಿ ವಂಚನೆಯಿಲ್ಲ. ಲೇಬಲ್ ಇಲ್ಲದೆ ಸೊನ್ನೆ ಮಾತ್ರ ಇದ್ದಾಗ ವಂಚನೆಯಾಗುತ್ತದೆ. ಹಳೆಯ ಲಾರಿಯ ಕಿಲೋಮೀಟರ್ ಮೀಟರನ್ನು ಹಿಂದಕ್ಕೆ ತಿರುಗಿಸಿದಂತೆಯೇ ಇದು. ಎಂಜಿನ್ನಿನ ಸವೆತ ಇದ್ದಲ್ಲಿಯೇ ಇರುತ್ತದೆ.

2025ರ ಪ್ರಕರಣ

2025ರ ಜನವರಿಯಲ್ಲಿ ಜರ್ಮನಿಯ ತಾಂತ್ರಿಕ ಪ್ರಕಾಶನ ಸಂಸ್ಥೆ ಹೈಸೆ ಒಂದು ಸಂಗತಿಯನ್ನು ಬಯಲಿಗೆ ತಂದಿತು. ಹೊಸದೆಂದು ಮಾರಾಟವಾದ ಸೀಗೇಟ್ ಎಕ್ಸೋಸ್ ಮಾದರಿಯ, ದೊಡ್ಡ ಸರ್ವರುಗಳಿಗಾಗಿರುವ ಡಿಸ್ಕುಗಳಲ್ಲಿ ಸ್ಮಾರ್ಟ್ ದಾಖಲೆ ಸೊನ್ನೆಯ ಆಸುಪಾಸಿನಲ್ಲಿತ್ತು. ಆದರೆ ಸೀಗೇಟ್ ತನ್ನ ಡಿಸ್ಕುಗಳಲ್ಲಿ ‘ಫಾರ್ಮ್’ ಎಂಬ ಎರಡನೆಯ ದಾಖಲೆಯನ್ನೂ ಇಡುತ್ತದೆ. ಅದನ್ನು ತೆರೆದು ನೋಡಿದಾಗ ಆ ಡಿಸ್ಕುಗಳು 15,000ದಿಂದ 50,000 ಗಂಟೆಗಳವರೆಗೆ ದುಡಿದಿರುವುದು ಕಂಡುಬಂತು. 50,000 ಗಂಟೆಯೆಂದರೆ ನಿರಂತರವಾಗಿ ಐದೂಮುಕ್ಕಾಲು ವರ್ಷ! ಎರಡು ಪುಸ್ತಕಗಳನ್ನಿಡುವುದು ಸಾಮಾನ್ಯವಾಗಿ ಸತ್ಯ ಮರೆಮಾಚುವುದಕ್ಕೆ. ಇಲ್ಲಿ ಎರಡನೆಯ ಪುಸ್ತಕವೇ ಸತ್ಯವನ್ನು ನುಡಿಯಿತು.

ಈ ಡಿಸ್ಕುಗಳ ಮೂಲ ಚೀನಾದಲ್ಲಿ ‘ಚಿಯಾ’ ಎಂಬ ಗುಪ್ತಕರೆನ್ಸಿಗಾಗಿ ನಡೆದಿದ್ದ ಗಣಕ ಕೇಂದ್ರಗಳಿರಬಹುದೆಂದು ವರದಿಯಾಯಿತು. ಡಿಸ್ಕಿನ ಖಾಲಿ ಜಾಗವನ್ನೇ ಬಂಡವಾಳ ಮಾಡಿಕೊಂಡಿದ್ದ ಈ ಕರೆನ್ಸಿ 2021ರಲ್ಲಿ ಅಪಾರ ಬೇಡಿಕೆ ಹುಟ್ಟಿಸಿತ್ತು. ಲಾಭ ಕುಸಿದ ಮೇಲೆ ಡಿಸ್ಕುಗಳು ಮಾರುಕಟ್ಟೆಗೆ ಬಂದವು. ತಾನು ಇವನ್ನು ಹೊಸದೆಂದು ವಿತರಿಸಿಲ್ಲವೆಂದು ಸೀಗೇಟ್ ತಿಳಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಮಲೇಷ್ಯಾದ ಅಧಿಕಾರಿಗಳು ಸೀಗೇಟ್ ಸಿಬ್ಬಂದಿಯೊಡನೆ ಗೋದಾಮೊಂದರ ಮೇಲೆ ದಾಳಿ ನಡೆಸಿದಾಗ ಸುಮಾರು 700 ಸೀಗೇಟ್ ಡಿಸ್ಕುಗಳು ದೊರೆತವು. ದಾಖಲೆ ಅಳಿಸುವುದು, ಹೊರಮೈ ಶುಚಿಗೊಳಿಸುವುದು, ಹೊಸ ಲೇಬಲ್ ಅಂಟಿಸುವುದು, ಮರುಪ್ಯಾಕ್ ಮಾಡುವುದು ಅಲ್ಲಿನ ಉದ್ಯೋಗವಾಗಿತ್ತು.

ಫಾರ್ಮ್ ದಾಖಲೆಯೂ ಅಳಿಸಲಾರದ ಶಿಲಾಶಾಸನವಲ್ಲ. ಎಲ್ಲ ತಯಾರಕರ ಡಿಸ್ಕುಗಳಲ್ಲಿ ಅದು ಇರುವುದೂ ಇಲ್ಲ. ಸೀಗೇಟ್ ಡಿಸ್ಕಾಗಿದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ ಹೊಸ ಆವೃತ್ತಿಯಿಂದ ಅದನ್ನು ಓದಬಹುದು. ಗಣಕ ನೋಡಿಕೊಳ್ಳುವ ತಂತ್ರಜ್ಞರಿಗೆ ಇದು ಹತ್ತು ನಿಮಿಷದ ಕೆಲಸ.

ದುರಸ್ತಿಯ ಹೆಸರಿನಲ್ಲಿ

ಎರಡನೆಯ ಸಂದರ್ಭ ಇನ್ನೂ ಅಪಾಯಕಾರಿ. ಗಣಕ ಚಾಲೂ ಮಾಡಿದಾಗ ಡಿಸ್ಕಿನ ಸ್ಥಿತಿ ಕೆಟ್ಟಿದೆ, ನಕಲು ತೆಗೆದುಕೊಂಡು ಬದಲಾಯಿಸಿರಿ ಎಂಬ ಎಚ್ಚರಿಕೆ ಮೂಡುತ್ತದೆ. ಮಾರ್ಚ್ ಕೊನೆಯ ವಾರವಾಗಿದ್ದರೆ ಮಾಲೀಕರಿಗೆ ಕೆಲಸ ನಿಲ್ಲಬಾರದು. ಆಗ ದುರಸ್ತಿಯವರು ‘ಅದನ್ನು ತೆಗೆದುಬಿಡೋಣ’ ಎನ್ನುತ್ತಾರೆ. ಹೆಚ್ಚಿನ ಪಾಲಿಗೆ ಅವರು ಮಾಡುವುದು ಬಯಾಸ್‌ನಲ್ಲಿ ಸ್ಮಾರ್ಟ್ ತಪಾಸಣೆಯನ್ನು ನಿಲ್ಲಿಸುವುದು ಮಾತ್ರ. ದಾಖಲೆ ಹಾಗೆಯೇ ಇರುತ್ತದೆ, ಬಾಯಿ ಮುಚ್ಚಿರುತ್ತದೆ. ನಿಜವಾಗಿಯೂ ದಾಖಲೆ ಅಳಿಸುವವರು ಕೆಲವೊಮ್ಮೆ ಅದರೊಂದಿಗೆ ದೋಷಪಟ್ಟಿಯನ್ನೂ ಅಳಿಸುತ್ತಾರೆ. ಕೆಟ್ಟ ಸೆಕ್ಟರಿನ ಬದಲಿಗೆ ಯಾವ ಮೀಸಲು ಜಾಗದಲ್ಲಿ ಬರೆಯಲಾಗಿದೆ ಎಂಬ ವಿಳಾಸ ಇರುವುದು ಆ ಪಟ್ಟಿಯಲ್ಲಿಯೇ. ಅದು ಹೋದರೆ ಡಿಸ್ಕು ಮತ್ತೆ ಕೆಟ್ಟ ಜಾಗವನ್ನೇ ಓದಲು ಹೊರಡುತ್ತದೆ. ಅಲ್ಲಿದ್ದ ವೋಚರುಗಳು ದೊರೆಯುವುದಿಲ್ಲ.

ಎಚ್ಚರಿಕೆಯನ್ನು ಎಷ್ಟು ಗಂಭೀರವಾಗಿ ಪರಿಗಣಿಸಬೇಕೆಂಬುದಕ್ಕೆ ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೇ ಆಧಾರ. ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚೆಂದು ಅದು ತೋರಿಸಿತು. ಅದೇ ಅಧ್ಯಯನದಲ್ಲಿ ಕೆಟ್ಟ ಡಿಸ್ಕುಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚಕಗಳಲ್ಲಿ ಯಾವ ಮುನ್ಸೂಚನೆಯನ್ನೂ ನೀಡಿರಲಿಲ್ಲ. ಆದ್ದರಿಂದ ಶುದ್ಧ ದಾಖಲೆ ಸುರಕ್ಷತೆಯ ಖಾತರಿಯಲ್ಲ. ಕೆಟ್ಟ ದಾಖಲೆಯಂತೂ ನಕಲು ತೆಗೆಯಲು ತಡಮಾಡದಿರುವುದಕ್ಕೆ ಸಾಕಷ್ಟು ಕಾರಣ.

ಅಂಕಿಯನ್ನು ಸೊನ್ನೆ ಮಾಡಬೇಕೆಂಬ ಬಯಕೆ ಕೆಲವೊಮ್ಮೆ ಸದುದ್ದೇಶದ್ದೇ ಆಗಿರುತ್ತದೆ. ಕೆಟ್ಟ ಕೇಬಲ್ ಬದಲಿಸಿದ ಮೇಲೂ ಸಿ7ರ ಅಂಕಿ ಇಳಿಯುವುದಿಲ್ಲ, ಏಕೆಂದರೆ ಅದು ಜೀವಮಾನದ ಒಟ್ಟು ಲೆಕ್ಕ. ಅಂದಿನ ಅಂಕಿಯನ್ನು ದಿನಾಂಕದೊಡನೆ ಆರಂಭಿಕ ಶಿಲ್ಕಿನಂತೆ ಬರೆದಿಟ್ಟು, ತಿಂಗಳ ನಂತರ ಏರಿದೆಯೇ ಎಂದು ನೋಡಿದರೆ ಸಾಕು. ಸಿ5 ಮಾತ್ರ ನ್ಯಾಯವಾಗಿಯೇ ಇಳಿಯಬಲ್ಲದು: ಅನುಮಾನದ ಸೆಕ್ಟರಿನ ಮೇಲೆ ಮತ್ತೆ ಬರೆದಾಗ ಅದು ಸರಿಯಿದ್ದರೆ ಬಾಕಿ ತೀರುತ್ತದೆ, ಕೆಟ್ಟಿದ್ದರೆ 05ರ ಖಾತೆಗೆ ಜಮೆಯಾಗುತ್ತದೆ.

ಖರೀದಿದಾರರ ಹಕ್ಕು

ವಂಚನೆಗೆ ಒಳಗಾದ ವರ್ತಕರು ಗ್ರಾಹಕ ಆಯೋಗದ ಕದ ತಟ್ಟುವ ಮೊದಲು ಯೋಚಿಸಬೇಕು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು ಗ್ರಾಹಕರೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರಿಗೆ ಮಾತ್ರ ವಿನಾಯಿತಿಯುಂಟು. ಉಳಿದವರಿಗೆ ಸರಕು ಮಾರಾಟ ಅಧಿನಿಯಮ, 1930 ಆಸರೆ. ಅದರ 15ನೆಯ ಕಲಂ ಪ್ರಕಾರ ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ತಕ್ಕಂತಿರಬೇಕು. ಬಿಲ್ಲಿನಲ್ಲಿ ‘ಹೊಸದು’ ಎಂಬ ಪದವೂ ಕ್ರಮಸಂಖ್ಯೆಯೂ ಇದ್ದರೆ ವಾದಕ್ಕೆ ಬಲ ಬರುತ್ತದೆ. ‘ಹಾರ್ಡ್ ಡಿಸ್ಕ್ 4 ಟಿಬಿ - 1’ ಎಂದಷ್ಟೇ ಬರೆದ ಬಿಲ್ಲಿನಿಂದ ಹೆಚ್ಚೇನೂ ಸಾಧಿಸಲಾಗದು.

ಕಾಲಾವಧಿಯೂ ಮುಖ್ಯ. 42ನೆಯ ಕಲಂ ಅನ್ವಯ, ತಿರಸ್ಕರಿಸಿರುವುದಾಗಿ ತಿಳಿಸದೆ ಯುಕ್ತ ಅವಧಿ ಮೀರಿ ಸರಕನ್ನು ಇಟ್ಟುಕೊಂಡರೆ ಸ್ವೀಕರಿಸಿದಂತೆ ಎಂದು ಪರಿಗಣಿಸಲಾಗುತ್ತದೆ. ಸ್ವೀಕರಿಸಿದ ಮೇಲೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಮಾನ್ಯವಾಗಿ ಹಿಂದಿರುಗಿಸುವ ಹಕ್ಕು ಉಳಿಯದೆ ನಷ್ಟಪರಿಹಾರದ ಹಕ್ಕು ಮಾತ್ರ ಉಳಿಯುತ್ತದೆ. ಆದುದರಿಂದ ಪೆಟ್ಟಿಗೆ ಒಡೆದ ದಿನವೇ, ಮಾಹಿತಿ ತುಂಬುವ ಮೊದಲೇ ಪರೀಕ್ಷೆ ನಡೆಯಬೇಕು. ಲೇಬಲಿನ ಕ್ರಮಸಂಖ್ಯೆಯೂ ತಂತ್ರಾಂಶ ತೋರಿಸುವ ಕ್ರಮಸಂಖ್ಯೆಯೂ ಒಂದೇ ಆಗಿರಬೇಕು. ಅದೇ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿಯ ಕೊನೆಯ ದಿನಾಂಕ ತಿಳಿಯುತ್ತದೆ. ಐದು ವರ್ಷದ ವಾರಂಟಿಯೆಂದು ಮಾರಿದ ಡಿಸ್ಕಿಗೆ ಎರಡೇ ವರ್ಷ ಉಳಿದಿದ್ದರೆ ಮಾರಾಟಗಾರರಿಂದ ವಿವರಣೆ ಕೇಳಬೇಕು. ಸ್ಕ್ರೂ ಕುಳಿಗಳಲ್ಲಿ, ಕೇಬಲ್ ಚುಚ್ಚುವ ಹಲ್ಲುಗಳಲ್ಲಿ ಗೀರುಗಳಿದ್ದರೆ ಅದು ಎಲ್ಲೋ ಕೂತು ಬಂದ ಡಿಸ್ಕು. ತಪಾಸಣೆಯ ಪರದೆಯ ಚಿತ್ರವನ್ನು ಮುದ್ರಿಸಿ ಬಿಲ್ಲಿನೊಂದಿಗೆ ಲಗತ್ತಿಸುವುದು ಒಳ್ಳೆಯದು.

ಈ ಜಾಗ್ರತೆ ಕೆಲವು ಸಾವಿರ ರೂಪಾಯಿಯ ಬಿಡಿಭಾಗಕ್ಕೆ ಅತಿಯಾಯಿತೆಂದು ತೋರಬಹುದು. ಡಿಸ್ಕಿನ ಬೆಲೆಗಿಂತ ಅದರೊಳಗಿನ ಲೆಕ್ಕದ ಹೊಣೆ ದೊಡ್ಡದು. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು, ಕಂಪನಿಗಳ ಅಧಿನಿಯಮದಂತೆ ಕನಿಷ್ಠ 8 ಆರ್ಥಿಕ ವರ್ಷ ಕಾಪಾಡಬೇಕು. ವಿದ್ಯುನ್ಮಾನ ಲೆಕ್ಕ ಇಡುವ ಕಂಪನಿಗಳು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ನಕಲು ಇಡಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಆ ನಕಲನ್ನು ಹೊತ್ತ ಡಿಸ್ಕೇ ಐದು ವರ್ಷ ದುಡಿದು ದಣಿದದ್ದಾದರೆ ನಕಲಿನ ಉದ್ದೇಶ ಈಡೇರುವುದಿಲ್ಲ.

ಹಳೆಯ ಗಣಕಗಳನ್ನು ಮಾರುವ ವರ್ತಕರಿಗೂ ಹೊಣೆಯುಂಟು. ಸ್ಮಾರ್ಟ್ ಅಂಕಿಗಳನ್ನು ಸೊನ್ನೆ ಮಾಡಿದರೆ ಡಿಸ್ಕಿನಲ್ಲಿದ್ದ ಹಳೆಯ ಮಾಲೀಕರ ಕಡತಗಳು ಅಳಿಯುವುದಿಲ್ಲ. ಕಡತಗಳನ್ನು ಪೂರ್ಣವಾಗಿ ಒರೆಸಿಹಾಕಿದರೆ ಅಂಕಿಗಳು ಅಳಿಯುವುದಿಲ್ಲ. ಮಾರುವ ಮೊದಲು ಎರಡನೆಯದನ್ನು ಮಾತ್ರ ಮಾಡಿ, ಬಿಲ್ಲಿನಲ್ಲಿ ‘ಬಳಸಿದ್ದು’ ಎಂಬ ಪದವನ್ನೂ 09ನೆಯ ಸಾಲಿನ ಗಂಟೆಗಳನ್ನೂ ನಮೂದಿಸಿ, ಕೊಂಡವರ ಸಹಿ ಪಡೆದ ಪ್ರತಿಯೊಂದನ್ನು ಕಚೇರಿಯಲ್ಲಿ ಇಟ್ಟುಕೊಳ್ಳಬೇಕು.