ಕಡ ತಂದ ಹೆಸರು, ಕೈ ಸುಡುವ ಸೊನೆ

ಬೇಸಿಗೆ ಬಂತೆಂದರೆ ಮಂಗಳೂರಿನ ಕೊಂಕಣಿಗರ ಮನೆಗಳಲ್ಲಿ ತೊಂಡೆಕಾಯಿಗೆ ಎಳೆ ಗೇರುಬೀಜ ಬೆರೆಸಿದ ಉಪ್ಕರಿ ಆಗಲೇಬೇಕು. ಆ ಬೀಜಕ್ಕೆ ಅವರು ಹೇಳುವುದು ‘ಬಿಬ್ಬೆ’ ಎಂದು. ನಾನು ಎಡವಿದ್ದು ಈ ಪದಕ್ಕೇ. ಮರಾಠಿಯಲ್ಲಿ ‘ಬಿಬ್ಬಾ’ ಎಂದರೆ ತಿನ್ನುವ ಬೀಜವಲ್ಲ, ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದ ಕಪ್ಪು ಕಾಯಿ. ಆಯುರ್ವೇದದ ಭಲ್ಲಾತಕವೂ ಅದೇ. ಅದರ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ. ಕನ್ನಡದಲ್ಲಿ ಆ ಕಾಡುಮರಕ್ಕೆ ಏನೆನ್ನುತ್ತಾರೆ ಎಂದು ನೋಡಿದರೆ, ಅದೂ ಗೇರು! ಕರಿಗೇರು, ಗೇರ್ಕಾಯಿ.

ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗೇರುಬೀಜದ ಮರ ನಮ್ಮ ಕರಾವಳಿಯ ಮುರಕಲ್ಲು ಗುಡ್ಡಗಳಿಗೆ ಹತ್ತಿದಾಗ, ಊರವರು ಅದರ ಹಣ್ಣಿನ ಬಣ್ಣ ನೋಡಿ ಹೆಸರಿಡಲಿಲ್ಲ. ಸಿಪ್ಪೆಯ ಸೊನೆ ಕೈ ಸುಟ್ಟಿತು. ಹಾಗೆ ಸುಡುವ ಮರವೊಂದು ಮೊದಲೇ ಗೊತ್ತಿತ್ತು, ಅದರ ಹೆಸರನ್ನೇ ಕಡ ತಂದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಮಾಡಿದ್ದೂ ಇದನ್ನೇ. ಯುರೋಪಿನ ವೈದ್ಯರು ಭಲ್ಲಾತಕಕ್ಕೆ ಬಳಸುತ್ತಿದ್ದ ‘ಅನಾಕಾರ್ಡಿಯಂ’ ಎಂಬ ಹೆಸರನ್ನು ಎತ್ತಿ ಬ್ರೆಜಿಲ್‌ನ ಮರಕ್ಕೆ ಕೊಟ್ಟ. ಹೆಸರು ಕಳೆದುಕೊಂಡ ನಮ್ಮ ಮರಕ್ಕೆ ಆಮೇಲೆ ‘ಸೆಮೆಕಾರ್ಪಸ್’, ಅಂದರೆ ಗುರುತು ಹಾಕುವ ಕಾಯಿ, ಎಂಬ ಹೊಸ ಹೆಸರು ಬಂತು. ರಾಸಾಯನಿಕದ ಡ್ರಮ್ಮುಗಳಿಗೆ ‘ಅಪಾಯ’ ಎಂಬ ಚೀಟಿ ಅಂಟಿಸುವ ಕಾನೂನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಬೀಜಕ್ಕೆ ಹೆಸರೇ ಚೀಟಿಯಾಗಿತ್ತು.

ಹೆಸರಿನ ಜೊತೆ ಉಪಾಯವೂ ಬಂದಿರಬೇಕು. ವೈದ್ಯರು ಭಲ್ಲಾತಕವನ್ನು ಶುದ್ಧಿ ಮಾಡುವಾಗ ಮೊದಲು ಕೈಗೆ ತೆಂಗಿನೆಣ್ಣೆಯನ್ನೋ ತುಪ್ಪವನ್ನೋ ಬಳಿದುಕೊಳ್ಳುತ್ತಾರೆ. ಆಮೇಲೆ ಕಾಯಿಯನ್ನು ಇಟ್ಟಿಗೆ ಪುಡಿಯಲ್ಲಿ ಉಜ್ಜುತ್ತಾರೆ, ಪುಡಿ ಸೊನೆಯನ್ನು ಹೀರಿಕೊಳ್ಳುತ್ತದೆ. ಏಪ್ರಿಲ್ ರಜೆಯಲ್ಲಿ ಹಸಿ ಬೀಜ ಸೀಳಲು ಮೆಟ್ಟುಕತ್ತಿಯ ಮುಂದೆ ಕುಳಿತರೆ, ನಮ್ಮಜ್ಜಿ ಬೈದು ಮೊಣಕೈವರೆಗೆ ಎಣ್ಣೆ ಹಚ್ಚಿಸುತ್ತಿದ್ದಳು. ಮಾತು ಕೇಳದ ವರ್ಷ ನನ್ನ ತುಟಿಯಂಚು ಸುಟ್ಟು ಕಪ್ಪಾಗಿ, ಶಾಲೆ ಶುರುವಾಗುವವರೆಗೂ ಹಾಗೇ ಉಳಿದಿತ್ತು.

ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ಎದ್ದಾಗ ಒಳಗೆ ಹೋದದ್ದು ಇದೇ ಅಜ್ಜಿಯಂದಿರ ತಲೆಮಾರು. ತಿರುಗುವ ಕಬ್ಬಿಣದ ಡ್ರಮ್ಮಿನಲ್ಲಿ ಬೀಜ ಹುರಿದರೆ ಸೊನೆಗೆ ಬೆಂಕಿ ಹತ್ತಿ, ಕಣ್ಣು ಬಿಡಲಾಗದ ಹೊಗೆ. ಹುರಿದ ಬೀಜಕ್ಕೆ ಬೂದಿ ಎರಚಿ, ಕೈಗೂ ಬೂದಿ ಸವರಿಕೊಂಡು ಹೆಂಗಸರು ಕೊಡತಿಯಿಂದ ಒಡೆಯುತ್ತಿದ್ದರು. ವೈದ್ಯರ ಇಟ್ಟಿಗೆ ಪುಡಿಯ ಜಾಗಕ್ಕೆ ಒಲೆಯ ಬೂದಿ ಬಂತು, ಅಷ್ಟೇ.

ಆಮೇಲೆ ಬಂದ ಬಿಸಿಯೆಣ್ಣೆ ವಿಧಾನಕ್ಕೆ, ಕಾಫಿ ಸಂಸ್ಕರಣೆಯಲ್ಲಿ ಹೆಸರಾಗಿದ್ದ ಪೀರ್ಸ್ ಲೆಸ್ಲಿ ಕಂಪನಿಯ ಹೆಸರು ಅಂಟಿಕೊಂಡಿದೆ. ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಗೇರೆಣ್ಣೆಯ ತೊಟ್ಟಿಯಲ್ಲೇ ಬೀಜವನ್ನು ಒಂದೂವರೆ ನಿಮಿಷ ಹಾಯಿಸುವುದು, ಸಿಪ್ಪೆಯೊಳಗಿನ ಎಣ್ಣೆ ಹೊರಬಂದು ತೊಟ್ಟಿಗೇ ಸೇರುವುದು. ಹೊಗೆಯಾಗಿ ಹೋಗುತ್ತಿದ್ದ ವಿಷ ಈಗ ಮಾರುವ ಸರಕಾಯಿತು. ದೋಣಿಯ ಅಡಿಗೆ ಬಳಿಯುತ್ತಿದ್ದ ಎಣ್ಣೆ ವಾಹನಗಳ ಬ್ರೇಕ್ ಲೈನಿಂಗ್‌ಗೂ ವಾರ್ನಿಷ್‌ಗೂ ಬೇಕಾಯಿತು.

ಈಚಿನದು ಹಬೆಯ ಕಾಲ. ಹಬೆಯಲ್ಲಿ ಬೇಯಿಸಿದ ಬೀಜವನ್ನು ಕೈಯಿಂದ ಹಿಡಿಕೆ ಎಳೆದು, ಕಾಲಿನಿಂದ ಪೆಡಲ್ ತುಳಿದು ಸೀಳುವ ಯಂತ್ರಗಳು ಬಂದವು. ಹೊಗೆ ಕಡಿಮೆಯಾಯಿತು, ಎಲ್ಲರೂ ಹೊಗಳಿದರು. ಆದರೆ ಚರ್ಮ ಸುಡುವ ಅನಾಕಾರ್ಡಿಕ್ ಆಮ್ಲವನ್ನು ಮುರಿದು ಸೌಮ್ಯ ಮಾಡುತ್ತಿದ್ದುದು ಆ ಹಳೆಯ ಉರಿಯೇ. ಹಬೆಗೆ ಅಷ್ಟು ಕಾವಿಲ್ಲ. ಹಾಗಾಗಿ ಸೊನೆ ಸಿಪ್ಪೆಯಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಶ್ವಾಸಕೋಶದ ಹೊರೆ ಇಳಿದು ಬೆರಳುಗಳ ಮೇಲೆ ಬಿತ್ತು.

ಗ್ಲೌಸ್ ಹಾಕಿಕೊಳ್ಳಬಾರದೇ ಎಂದು ಕೇಳುವುದು ಸುಲಭ. ಕೂಲಿ ಸಿಗುವುದು ತೂಕದ ಮೇಲೆ, ಬೇಕಾಗಿರುವುದು ಒಡೆಯದ ಇಡೀ ಬೀಜ. ದಪ್ಪ ರಬ್ಬರಿನೊಳಗಿನ ಬೆರಳಿಗೆ ಬೀಜದ ಮೈ ತಿಳಿಯುವುದಿಲ್ಲ, ಕೈ ನಿಧಾನವಾಗುತ್ತದೆ, ಬೀಜ ಒಡೆಯುತ್ತದೆ, ಸಂಜೆಯ ಲೆಕ್ಕ ಇಳಿಯುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯ ರೋಗಪಟ್ಟಿಗೆ ರಾಸಾಯನಿಕ ತಾಗಿ ಬರುವ ಚರ್ಮರೋಗವೂ ಸೇರಿತು. ಕಾರ್ಖಾನೆಯ ವ್ಯವಸ್ಥಾಪಕರೂ ನೋಡಿದ ವೈದ್ಯರೂ ವರದಿ ಮಾಡಬೇಕೆಂಬ ನಿಯಮವಿತ್ತು. ಆದರೆ ಬೆರಳು ಕಪ್ಪಾಗಿ ಚರ್ಮ ಏಳುವುದನ್ನು ರೋಗ ಎಂದು ಹೆಂಗಸರೇ ಎಣಿಸದಿದ್ದರೆ ವೈದ್ಯರ ತನಕ ಹೋಗುವವರು ಯಾರು?

ನನಗೆ ಸಿಟ್ಟು ಬರುವುದು ಇಲ್ಲಿ. ಡ್ರಮ್ಮು, ತೊಟ್ಟಿ, ಹಬೆ, ಒಂದೊಂದಕ್ಕೂ ಹೆಸರಿದೆ, ಚರಿತ್ರೆಯಿದೆ. ಕೈಗೆ ಸವರಿದ ಆ ಬೂದಿಗೆ, ಆ ಎಣ್ಣೆಗೆ ಯಾರ ಹೆಸರೂ ಅಂಟಲಿಲ್ಲ. ಬೀಜವೂ ಈಗ ಅಂಗಡಿಯಲ್ಲಿ ಗೋಡಂಬಿ, ಪೊಟ್ಟಣದ ಮೇಲೆ ಕ್ಯಾಶ್ಯೂ. ಬೆಳ್ಳಗೆ, ನುಣ್ಣಗೆ, ಯಾರ ಕೈಯನ್ನೂ ಸುಡದ ಹೆಸರುಗಳು.